ಅರವತ್ತರಿಂದ ಎಪ್ಪತ್ತು: ನಿವೃತ್ತರ ಆಸ್ಪತ್ರೆ ಖರ್ಚು ಯಾರ ಹೊಣೆ?

ಸರ್ಕಾರಿ ನೌಕರರು ನಿವೃತ್ತರಾಗುವುದು ತಿಂಗಳ ಕೊನೆಯ ದಿನ. ಅವತ್ತು ಕಚೇರಿಯಲ್ಲಿ ಹಾರ, ಶಾಲು, ಮೈಸೂರು ಪೇಟ, ಭಾಷಣ ಎಲ್ಲ ಇರುತ್ತದೆ. ಪಿಂಚಣಿ ಎಷ್ಟು ಬರುತ್ತದೆ, ಗ್ರಾಚ್ಯುಟಿ ಎಷ್ಟು, ಕಮ್ಯುಟೇಶನ್ ಎಷ್ಟು, ಗಳಿಕೆ ರಜೆ ದುಡ್ಡು ಎಷ್ಟು ಅಂತ ಆ ಹೊತ್ತಿಗೆ ಮನೆಮಂದಿಗೆಲ್ಲ ಬಾಯಿಪಾಠ ಆಗಿರುತ್ತದೆ. ಆದರೆ ಮಾರನೇ ದಿನ, ಅಂದರೆ ಒಂದನೇ ತಾರೀಕಿನಿಂದ, ಆಸ್ಪತ್ರೆ ಸೇರಬೇಕಾಗಿ ಬಂದರೆ ಬಿಲ್ ಯಾರು ಕಟ್ಟುತ್ತಾರೆ? ಈ ಪ್ರಶ್ನೆಯನ್ನು ಹಾಸನ, ಚಿಕ್ಕಮಗಳೂರಿನ ನಿವೃತ್ತರ ಕೂಟದಲ್ಲಿ ಕೇಳಿ ನೋಡಿ. ಒಬ್ಬರು ಆಯುಷ್ಮಾನ್ ಇದೆಯಲ್ಲ ಅನ್ನುತ್ತಾರೆ. ಇನ್ನೊಬ್ಬರು ಅದು ನಮಗೆ ಬರಲ್ಲ ಅನ್ನುತ್ತಾರೆ. ಮತ್ತೊಬ್ಬರು ಯಶಸ್ವಿನಿ ಅನ್ನುತ್ತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ತೊಂದರೆ ಇರುವುದೇ ಅಲ್ಲಿ.

ನಮ್ಮಲ್ಲಿ ನಿವೃತ್ತರಿಗೆ ಅಂತ ಒಂದೇ ಆರೋಗ್ಯ ವಿಮೆ ಇಲ್ಲ. ಯಾವ ಇಲಾಖೆಯಿಂದ ನಿವೃತ್ತರಾದಿರಿ, ರೇಷನ್ ಕಾರ್ಡ್ ಯಾವುದು, ವಯಸ್ಸು ಎಪ್ಪತ್ತು ದಾಟಿದೆಯಾ, ಹೆಂಡತಿ ಅಥವಾ ಗಂಡ ಇನ್ನೂ ಕೆಲಸದಲ್ಲಿದ್ದಾರಾ, ಸಹಕಾರ ಸಂಘದ ಸದಸ್ಯತ್ವ ಇದೆಯಾ ಅನ್ನುವುದರ ಮೇಲೆ ಒಬ್ಬೊಬ್ಬರ ಕಥೆ ಒಂದೊಂದು ರೀತಿ. ಈ ಎಲ್ಲ ಯೋಜನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ತೀರಾ ಬಡವರಿಗೆ ಕಾಗದದ ಮೇಲಾದರೂ ರಕ್ಷಣೆ ಇದೆ. ಸೇನೆ, ರೈಲ್ವೆ, ಕೇಂದ್ರ ಸರ್ಕಾರದವರಿಗೆ ಇದೆ. ಎಪ್ಪತ್ತು ದಾಟಿದವರಿಗೂ ಒಂದು ದಾರಿ ತೆರೆದಿದೆ. ನಡುವೆ ಸಿಕ್ಕಿಬಿದ್ದವರು ರಾಜ್ಯ ಸರ್ಕಾರದಿಂದ ನಿವೃತ್ತರಾದ, ಅರವತ್ತರಿಂದ ಎಪ್ಪತ್ತರ ನಡುವಿನ ಮಧ್ಯಮ ವರ್ಗದವರು. ಪ್ರೈಮರಿ ಶಾಲೆ ಮೇಷ್ಟ್ರು, ಗ್ರಾಮ ಲೆಕ್ಕಿಗರು, ನರ್ಸ್‌ಗಳು, ಹೆಡ್ ಕಾನ್ಸ್‌ಟೇಬಲ್‌ಗಳು. ಬಿಪಿ, ಶುಗರ್, ಹೃದಯ, ಮಂಡಿ, ಕಣ್ಣು ಎಲ್ಲ ಒಟ್ಟಿಗೆ ಕೈಕೊಡಲು ಶುರುವಾಗುವ ಹತ್ತು ವರ್ಷ ಅದು.

ರಾಜ್ಯದ ನೌಕರರಿಂದಲೇ ಶುರು ಮಾಡೋಣ, ಯಾಕೆಂದರೆ ಗೊಂದಲ ಜಾಸ್ತಿ ಇರುವುದು ಇವರಲ್ಲೇ. ಸೇವೆಯಲ್ಲಿ ಇದ್ದಾಗ ಇವರಿಗೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಪ್ರಕಾರ ಬಿಲ್ ಮರುಪಾವತಿ ಸಿಗುತ್ತಿತ್ತು. ಹೃದಯ, ಕ್ಯಾನ್ಸರ್, ನರರೋಗದಂಥ ದೊಡ್ಡ ಕಾಯಿಲೆಗಳಿಗೆ ಜ್ಯೋತಿ ಸಂಜೀವಿನಿ ಇತ್ತು. 2025ರ ಅಕ್ಟೋಬರ್ 1ರಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಬಂತು. ಜನ ಇದನ್ನು ಕೆಎಎಸ್‌ಎಸ್ ಅನ್ನುತ್ತಾರೆ. ಸಂಬಳದಿಂದ ತಿಂಗಳಿಗೆ ಎ ಗುಂಪಿನವರಿಗೆ 1,000 ರೂಪಾಯಿ, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250 ಹಿಡಿಯುತ್ತಾರೆ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಕೊಡದೆ ಚಿಕಿತ್ಸೆ ಪಡೆಯಬಹುದು. ಬಹಳ ವರ್ಷ ಕಾದ ಮೇಲೆ ಬಂದ ಯೋಜನೆ ಇದು, ಒಳ್ಳೆಯ ಯೋಜನೆಯೇ.

ಆದರೆ ಯೋಜನೆ ಶುರುವಾದದ್ದು ಸೇವೆಯಲ್ಲಿ ಇರುವ ನೌಕರರಿಗೆ ಮತ್ತು ಅವರ ಅವಲಂಬಿತರಿಗೆ. ನಿವೃತ್ತರು ಅದರೊಳಗೆ ಇಲ್ಲ. ಜ್ಯೋತಿ ಸಂಜೀವಿನಿಯಲ್ಲೂ ಇರಲಿಲ್ಲ. ನಿವೃತ್ತರಿಗಾಗಿಯೇ ‘ಸಂಧ್ಯಾ ಕಿರಣ’ ಅನ್ನುವ ಹೆಸರಿನಲ್ಲಿ ನಗದು ರಹಿತ ಚಿಕಿತ್ಸೆ ಕೊಡುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಪಿಂಚಣಿದಾರರ ಸಂಘಗಳು ಮನವಿ ಕೊಡುತ್ತಲೇ ಇವೆ. ಮೂವತ್ತು, ಮೂವತ್ತೈದು ವರ್ಷ ದುಡಿದವರನ್ನು ಕಾಯಿಲೆ ಬೀಳುವ ವಯಸ್ಸಿಗೆ ಸರಿಯಾಗಿ ಹೊರಗೆ ಬಿಡುವುದು ನ್ಯಾಯ ಅಲ್ಲ ಅಂತ ನಾನು ನಂಬಿದ್ದೇನೆ. ಆ ಮಾತಿಗೆ ಮುಂದೆ ಬರುತ್ತೇನೆ.

ಇಲ್ಲಿ ಒಂದು ಒಳದಾರಿ ಇದೆ, ಬಹಳ ಜನ ಗಮನಿಸುವುದಿಲ್ಲ. ಗಂಡ ನಿವೃತ್ತರಾಗಿ, ಹೆಂಡತಿ ಇನ್ನೂ ಸರ್ಕಾರಿ ಕೆಲಸದಲ್ಲಿದ್ದರೆ, ಹೆಂಡತಿಯ ಕೆಎಎಸ್‌ಎಸ್‌ನಲ್ಲಿ ಗಂಡನ ಹೆಸರು ಸೇರಿಸಬಹುದು. ಗಂಡ ಹೆಂಡತಿ ಇಬ್ಬರೂ ನೌಕರರಾಗಿದ್ದಾಗ ಒಬ್ಬರು ಮಾತ್ರ ವಂತಿಕೆ ಕಟ್ಟಿದರೆ ಸಾಕು ಅನ್ನುವ ವ್ಯವಸ್ಥೆ ಇದೆ. ತುಂಬ ಮನೆಗಳಲ್ಲಿ ಗಂಡನ ಸಂಬಳದಿಂದಲೇ ಹಿಡಿಸಿರುತ್ತಾರೆ. ಗಂಡ ಮೊದಲು ನಿವೃತ್ತರಾಗುವವರಿದ್ದರೆ ಆರು ತಿಂಗಳು ಮುಂಚೆಯೇ ಸಂಬಳ ಬಟವಾಡೆ ಮಾಡುವ ಅಧಿಕಾರಿ (ಡಿಡಿಒ) ಹತ್ತಿರ ಮಾತಾಡಿ, ಅದನ್ನು ಹೆಂಡತಿಯ ಕಡೆಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಮಗ ಅಥವಾ ಮಗಳು ಸರ್ಕಾರಿ ನೌಕರರಾಗಿದ್ದರೆ ಅವಲಂಬಿತ ತಂದೆತಾಯಿ ಅಂತ ಸೇರಲು ಅವಕಾಶ ಇದೆ, ಆದರೆ ಅದಕ್ಕೆ ಆದಾಯದ ಮಿತಿ ಇದೆ. ಪೂರ್ತಿ ಪಿಂಚಣಿ ಬರುವ ಮೇಷ್ಟ್ರು ಆ ಮಿತಿಯೊಳಗೆ ಬರುವುದು ಕಷ್ಟ.

ಹಾಗಾದರೆ ಮನೆಯಲ್ಲಿ ಯಾರೂ ನೌಕರರಿಲ್ಲದ ನಿವೃತ್ತರಿಗೆ ಉಳಿಯುವುದೇನು? ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಕೇಂದ್ರದ ಆಯುಷ್ಮಾನ್ ಯೋಜನೆಯೂ ರಾಜ್ಯದ ಆರೋಗ್ಯ ಕರ್ನಾಟಕವೂ 2018ರಲ್ಲಿ ಒಂದಾಗಿ ಇದಾಯಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಕಾರ್ಡ್ ಇದ್ದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ. 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ. ಅದಕ್ಕೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ಅಂತ ಮಿತಿ.

ಈ ಶೇ. 30ರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಶಸ್ತ್ರಚಿಕಿತ್ಸೆಗೆ ಯೋಜನೆಯ ಪ್ಯಾಕೇಜ್ ದರ 1 ಲಕ್ಷ ಅಂತ ಇಟ್ಟುಕೊಳ್ಳಿ. ಸರ್ಕಾರ 30 ಸಾವಿರ ಕೊಡುತ್ತದೆ, ನೀವು 70 ಸಾವಿರ ಕೊಡಬೇಕು. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಯಾಕೆಂದರೆ ಅದೇ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸಾಮಾನ್ಯ ರೋಗಿಗೆ ಹಾಕುವ ಬಿಲ್ಲು ಪ್ಯಾಕೇಜ್ ದರಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಅಂದರೆ ನಿಜವಾದ ಲಾಭ ಆ 30 ಸಾವಿರಕ್ಕಿಂತ ಹೆಚ್ಚಾಗಿ ನಿಗದಿತ ದರದಲ್ಲೇ ಇದೆ. ಆದರೆ ಅದು ಸಿಗಬೇಕಾದರೆ ಆಸ್ಪತ್ರೆ ನಿಮ್ಮನ್ನು ಯೋಜನೆಯಡಿ ದಾಖಲು ಮಾಡಿಕೊಂಡಿರಬೇಕು. ಮೊದಲು ಮಾಮೂಲಿ ರೋಗಿಯಾಗಿ ಸೇರಿ, ಆಮೇಲೆ ಬಿಲ್ಲು ಬಂದಾಗ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಸೇರುವ ಮುಂಚೆಯೇ ‘ನಮ್ಮದು ಎಪಿಎಲ್, ಆರೋಗ್ಯ ಕರ್ನಾಟಕದಲ್ಲಿ ಮಾಡಿ’ ಅಂತ ಬಾಯಿಬಿಟ್ಟು ಕೇಳಬೇಕು. ಎಪಿಎಲ್‌ನವರಿಗೆ ಏನೂ ಇಲ್ಲ ಅಂದುಕೊಂಡು ಕೇಳದೇ ಬಿಡುವವರೇ ಹೆಚ್ಚು.

ಪಿಂಚಣಿ ಬರುವ ಮನೆಗೆ ಬಿಪಿಎಲ್ ಕಾರ್ಡ್ ಸಿಗುವುದು ಅಪರೂಪ. ವರ್ಷಕ್ಕೆ 1.2 ಲಕ್ಷದ ಆದಾಯ ಮಿತಿ ಇದೆ. ಸಾಧಾರಣ ಪಿಂಚಣಿಯೇ ಅದನ್ನು ದಾಟುತ್ತದೆ. 2024ರ ಕೊನೆಯಲ್ಲಿ ಅನರ್ಹ ಬಿಪಿಎಲ್ ಕಾರ್ಡ್‌ಗಳನ್ನು ಎಪಿಎಲ್‌ಗೆ ಬದಲಾಯಿಸಲು ಹೊರಟಾಗ ಎದ್ದ ಗಲಾಟೆ ನೆನಪಿರಬೇಕಲ್ವಾ? ಆಗ ಜನ ಹೆದರಿದ್ದು ಅಕ್ಕಿಗೆ ಮಾತ್ರ ಅಲ್ಲ, ಆಸ್ಪತ್ರೆಗೂ ಹೌದು. ಕಾರ್ಡಿನ ಬಣ್ಣ ಬದಲಾದರೆ 5 ಲಕ್ಷದ ಉಚಿತ ಚಿಕಿತ್ಸೆ ಒಂದೇ ದಿನದಲ್ಲಿ ಶೇ. 30ಕ್ಕೆ ಇಳಿಯುತ್ತದೆ.

ಇನ್ನೊಂದು ಕಟ್ಟುನಿಟ್ಟು ಅಂದರೆ ರೆಫರಲ್. ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯಡಿ ಚಿಕಿತ್ಸೆ ಬೇಕಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗುವುದಿಲ್ಲ ಅಂತ ಬರೆದುಕೊಟ್ಟರೆ ಮಾತ್ರ ಮುಂದಿನ ದಾರಿ. ಹಾಸನದವರಿಗೆ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಹಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆ. ತುರ್ತು ಚಿಕಿತ್ಸೆಗಳಿಗೆ ಈ ರೆಫರಲ್ ಬೇಡ. 2018ರಲ್ಲಿ ಶುರುವಾದಾಗಿನ ಪಟ್ಟಿಯ 1,650 ಚಿಕಿತ್ಸೆಗಳಲ್ಲಿ 169 ತುರ್ತು ಅಂತ ಗುರುತಾಗಿದ್ದವು. ಹೃದಯಾಘಾತ ಆದವರನ್ನು ನೇರ ದೊಡ್ಡ ಆಸ್ಪತ್ರೆಗೆ ಒಯ್ದರೆ ರೆಫರಲ್ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಮಂಡಿ ಚಿಪ್ಪು ಬದಲಾವಣೆಯಂಥ, ದಿನ ಗೊತ್ತುಮಾಡಿಕೊಂಡು ಮಾಡಿಸುವ ಶಸ್ತ್ರಚಿಕಿತ್ಸೆಗೆ ರೆಫರಲ್ ತಪ್ಪಿಸುವ ಹಾಗಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಯೋಜನೆಯ ಕಾಗದಪತ್ರ ನೋಡಿಕೊಳ್ಳುವ ಆರೋಗ್ಯಮಿತ್ರರ ಕೌಂಟರ್ ಇರುತ್ತದೆ. ಅಲ್ಲಿ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಸ್ವಲ್ಪ ಹೊತ್ತು ನಿಂತರೆ ಈ ಯೋಜನೆಯ ನಿಜವಾದ ಅಡಚಣೆ ಏನು ಅಂತ ಗೊತ್ತಾಗುತ್ತದೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಇನ್ನೊಂದರಲ್ಲಿ ಹಿಂದೆ. ಮೊಬೈಲ್ ನಂಬರ್ ಯಾವಾಗಲೋ ಮಗನದು ಕೊಟ್ಟಿದ್ದು, ಆತ ಬೆಂಗಳೂರಲ್ಲಿ ಮೀಟಿಂಗಿನಲ್ಲಿದ್ದಾನೆ, ಒಟಿಪಿ ಹೇಳಲು ಫೋನ್ ಎತ್ತುತ್ತಿಲ್ಲ. ಬೆರಳಚ್ಚು ಕೊಡೋಣ ಅಂದರೆ ಹೊಲದಲ್ಲೋ ತೋಟದಲ್ಲೋ ಸವೆದ ಕೈ, ಯಂತ್ರ ಹಿಡಿಯುವುದಿಲ್ಲ. ಜನ್ಮದಿನಾಂಕ ಸರಿಯಾಗಿ ಗೊತ್ತಿಲ್ಲದವರಿಗೆ ಆಧಾರ್ ಮಾಡಿಸುವಾಗ ಜನವರಿ 1 ಅಂತ ಬರೆದುಬಿಟ್ಟಿದ್ದಾರೆ, ಸರ್ವೀಸ್ ರಿಜಿಸ್ಟರಿನಲ್ಲಿ ಬೇರೆ ತಾರೀಕಿದೆ. ಎದೆನೋವು ಬಂದ ದಿನ ಇದನ್ನೆಲ್ಲ ಸರಿಮಾಡಿಸಲು ಆಗುತ್ತದಾ? ಆರೋಗ್ಯವಾಗಿದ್ದಾಗಲೇ ಗ್ರಾಮ ಒನ್‌ಗೋ ಆಧಾರ್ ಕೇಂದ್ರಕ್ಕೋ ಹೋಗಿ ತಿದ್ದಿಸಿ, ಮೊಬೈಲ್ ನಂಬರ್ ತಮ್ಮದೇ ಹಾಕಿಸಿ, ಆಯುಷ್ಮಾನ್ ಕಾರ್ಡ್ ಮಾಡಿಸಿ ಇಟ್ಟುಕೊಳ್ಳಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಮಕ್ಕಳು ಒಂದು ಭಾನುವಾರ ಊರಿಗೆ ಬಂದಾಗ ಈ ಕಾಗದಗಳನ್ನೆಲ್ಲ ಹಾಸಿಗೆ ಮೇಲೆ ಹರವಿಕೊಂಡು ಹೆಸರು, ತಾರೀಕು ತಾಳೆ ನೋಡಲಿ.

ಈ ಆಧಾರ್ ವಯಸ್ಸು ಯಾಕೆ ಇಷ್ಟು ಮುಖ್ಯ ಅಂದರೆ ಎಪ್ಪತ್ತು ದಾಟಿದವರ ಯೋಜನೆ ನಿಂತಿರುವುದೇ ಅದರ ಮೇಲೆ. ಕೇಂದ್ರ ಸಂಪುಟ 2024ರ ಸೆಪ್ಟೆಂಬರ್ 11ರಂದು ಒಪ್ಪಿ, ಅಕ್ಟೋಬರ್ 29ರಂದು ಪ್ರಧಾನಿ ಚಾಲನೆ ಕೊಟ್ಟ ಯೋಜನೆ ಇದು. ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನಾ. ಎಪ್ಪತ್ತು ತುಂಬಿದ ಯಾರಿಗಾದರೂ ವರ್ಷಕ್ಕೆ 5 ಲಕ್ಷ. ಆದಾಯ ಎಷ್ಟಿದೆ ಅಂತ ಕೇಳುವುದಿಲ್ಲ, ರೇಷನ್ ಕಾರ್ಡ್ ಯಾವುದು ಅಂತಲೂ ಕೇಳುವುದಿಲ್ಲ. ಖಾಸಗಿ ವಿಮೆ ಇದ್ದರೂ ಅಡ್ಡಿಯಿಲ್ಲ. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ಗಂಡನಿಗೆ ಎಪ್ಪತ್ತೆರಡು, ಹೆಂಡತಿಗೆ ಅರವತ್ತಾರು ಆಗಿದ್ದರೆ ಗಂಡನಿಗೆ ಮಾತ್ರ. ಬಿಪಿಎಲ್ ಮನೆಯ ಹಿರಿಯರಿಗೆ ಇದು ಕುಟುಂಬದ 5 ಲಕ್ಷದ ಮೇಲೆ ಇನ್ನೊಂದು 5 ಲಕ್ಷ, ಮನೆಯ ಉಳಿದವರು ಅದನ್ನು ಬಳಸುವಂತಿಲ್ಲ. ಕೇಂದ್ರ ಸರ್ಕಾರದವರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಹಣದ ಹಂಚಿಕೆ ಮಾತ್ರ ತಕರಾರಿನ ವಿಷಯ. ಕೇಂದ್ರ ಶೇ. 60, ರಾಜ್ಯ ಶೇ. 40 ಅನ್ನುವುದು ಸೂತ್ರ. ಆದರೆ ಕೇಂದ್ರ ಒಂದು ಕುಟುಂಬಕ್ಕೆ ಇಷ್ಟೇ ಅಂತ ಮಿತಿ ಹಾಕಿಕೊಂಡಿದೆ, ಅದರ ಮೇಲಿನ ಖರ್ಚು ರಾಜ್ಯದ ತಲೆಗೆ ಬರುತ್ತದೆ. ವಯಸ್ಸಾದವರ ಚಿಕಿತ್ಸೆಗೆ ಖರ್ಚು ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿದೆ. ಹಾಗಾಗಿ ಕರ್ನಾಟಕ ಸರ್ಕಾರ ಹೆಚ್ಚು ಪಾಲು ಕೊಡಿ ಅಂತ ಕೇಂದ್ರವನ್ನು ಕೇಳಿತು, ನಮ್ಮಲ್ಲಿ ಯೋಜನೆ ತಡವಾಯಿತು. ರಾಜ್ಯದ ಲೆಕ್ಕದಲ್ಲಿ ಹುರುಳಿದೆ. ಆದರೂ ಎರಡು ಸರ್ಕಾರಗಳ ಪತ್ರವ್ಯವಹಾರ ಮುಗಿಯುವ ತನಕ ಎಪ್ಪತ್ತೈದರ ಅಜ್ಜಿಯ ಕಾಯಿಲೆ ಕಾಯುವುದಿಲ್ಲ. ಈ ಕಾರ್ಡನ್ನು ನೆಚ್ಚಿಕೊಂಡು ಖಾಸಗಿ ವಿಮೆ ನಿಲ್ಲಿಸುವ ಯೋಚನೆ ಇದ್ದವರು ತಾವು ಹೋಗುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ನೇರವಾಗಿ ಕೇಳಬೇಕು: ‘ವಯ ವಂದನಾ ಕಾರ್ಡಿನಲ್ಲಿ ಇವತ್ತು ಇಲ್ಲಿ ಸೇರಿಸಿಕೊಳ್ಳುತ್ತೀರಾ?’ ಆಯುಷ್ಮಾನ್ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ಕಾರ್ಡ್ ಕೈಯಲ್ಲಿರುವುದು ಬೇರೆ, ಆಸ್ಪತ್ರೆಯಲ್ಲಿ ಅದು ನಡೆಯುವುದು ಬೇರೆ.

ಉಳಿದ ಇಲಾಖೆಗಳವರ ಸ್ಥಿತಿ ಇದಕ್ಕಿಂತ ವಾಸಿ. ಮಾಜಿ ಸೈನಿಕರ ಇಸಿಎಚ್‌ಎಸ್ 2003ರ ಏಪ್ರಿಲ್‌ನಲ್ಲಿ ಶುರುವಾಯಿತು. ಒಂದು ಸಲ ವಂತಿಕೆ ಕಟ್ಟಿದರೆ ಆಯಿತು, ಗಂಡ ಹೆಂಡತಿಗೆ ಬದುಕಿರುವವರೆಗೂ ಚಿಕಿತ್ಸೆ, ಇಷ್ಟು ಲಕ್ಷ ಅನ್ನುವ ಮಿತಿಯೂ ಇಲ್ಲ. ಹಾಸನದಲ್ಲೇ ಪಾಲಿಕ್ಲಿನಿಕ್ ಇದೆ. ನನ್ನ ಪ್ರಕಾರ ದೇಶದಲ್ಲಿ ನಿವೃತ್ತರಿಗೆ ಇರುವ ಅತ್ಯುತ್ತಮ ವ್ಯವಸ್ಥೆಗಳಲ್ಲಿ ಇದು ಒಂದು. ಅರಸೀಕೆರೆ ಜಂಕ್ಷನ್ ಸುತ್ತಮುತ್ತ ಇರುವ ರೈಲ್ವೆ ನಿವೃತ್ತರಿಗೆ ರೈಲ್ವೆಯದೇ ಯೋಜನೆ ಇದೆ, ಉಮೀದ್ ಅನ್ನುವ ವೈದ್ಯಕೀಯ ಕಾರ್ಡ್ ಇದೆ, ಮೈಸೂರಿನ ರೈಲ್ವೆ ಆಸ್ಪತ್ರೆ ಇದೆ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಲ್ಲಿ ಕೆಲಸ ಮಾಡಿದ ಇಸ್ರೋದವರಿಗೆ ಇಲಾಖೆಯದೇ ವಂತಿಕೆ ಯೋಜನೆ ಇದೆ.

ಅಂಚೆ, ಆದಾಯ ತೆರಿಗೆಯಂಥ ಕೇಂದ್ರ ಇಲಾಖೆಗಳ ನಿವೃತ್ತರಿಗೆ ಸಿಜಿಎಚ್‌ಎಸ್. ಅದರ ತೊಡಕು ಏನೆಂದರೆ ಅದರ ಚಿಕಿತ್ಸಾಲಯಗಳು, ಅಂದರೆ ವೆಲ್‌ನೆಸ್ ಸೆಂಟರ್‌ಗಳು, ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿವೆ. ಬೇಲೂರಿನಲ್ಲಿ ಮನೆ ಕಟ್ಟಿಕೊಂಡ ಪೋಸ್ಟ್‌ಮಾಸ್ಟರ್ ಶುಗರ್ ಮಾತ್ರೆಗೆ ಬೆಂಗಳೂರಿಗೆ ಹೋಗಲು ಸಾಧ್ಯವಾ? ಅಂಥವರಿಗೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಪಿಂಚಣಿ ಜೊತೆ ಕೊಡುತ್ತಾರೆ. ತುಂಬ ಜನ ಈ ಭತ್ಯೆ ತೆಗೆದುಕೊಂಡು, ಅಲ್ಲಿಗೆ ತಮ್ಮ ಹಕ್ಕು ಮುಗಿಯಿತು ಅಂದುಕೊಂಡಿದ್ದಾರೆ. ಹಾಗಿಲ್ಲ. ದಿನದ ಔಷಧಿಗೆ ಭತ್ಯೆ ಇಟ್ಟುಕೊಂಡು, ಒಳರೋಗಿ ಚಿಕಿತ್ಸೆಗೆ ಮಾತ್ರ ಸಿಜಿಎಚ್‌ಎಸ್ ಕಾರ್ಡ್ ಮಾಡಿಸಬಹುದು. ಸೇವೆಯಲ್ಲಿದ್ದಾಗಿನ ದರ್ಜೆ ನೋಡಿ ತಿಂಗಳಿಗೆ 250ರಿಂದ 1,000 ರೂಪಾಯಿವರೆಗೆ ವಂತಿಕೆ. ಹತ್ತು ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ಜೀವನಪೂರ್ತಿ ಕಾರ್ಡ್. ನಿವೃತ್ತಿಯ ದುಡ್ಡು ಕೈಗೆ ಬಂದ ತಿಂಗಳೇ ಇದನ್ನು ಕಟ್ಟಿಬಿಡುವುದು ಜಾಣತನ.

ಕಾರ್ಖಾನೆಯವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಬಹಳ ಕಡಿಮೆ ಜನಕ್ಕೆ ಗೊತ್ತಿದೆ. ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ ಹತ್ತು ಹದಿನೈದು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು ಸಾವಿರಾರು. ಸಂಬಳದಿಂದ ಕಾರ್ಮಿಕರ ವಿಮೆಗೆ, ಅಂದರೆ ಇಎಸ್‌ಐಗೆ, ಹಣ ಹಿಡಿಯುತ್ತಾರೆ. ಕೆಲಸ ಬಿಟ್ಟ ದಿನಕ್ಕೆ ಅದು ಮುಗಿಯಿತು ಅಂತ ಅವರೂ ತಿಳಿದಿರುತ್ತಾರೆ, ಹೇಳುವವರೂ ಇರುವುದಿಲ್ಲ. ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ತಮ್ಮ ಸಂಗಾತಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ! ಪಿಎಫ್ ಜೊತೆಗಿನ ಪಿಂಚಣಿ ಯೋಜನೆ ಇಪಿಎಸ್‌ನಿಂದ ಒಂದೆರಡು ಸಾವಿರ ಪಿಂಚಣಿ ಬರುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಕಂಪನಿಯಿಂದ ನಿವೃತ್ತಿಯ ದಾಖಲೆ ಬೇಕಾಗುತ್ತದೆ, ಅದನ್ನು ಬಿಡುವ ದಿನವೇ ಬರೆಸಿಕೊಳ್ಳಬೇಕು. ಐದು ವರ್ಷ ಬಿಟ್ಟು ಹೋಗಿ ಕೇಳಿದರೆ ಎಚ್‌ಆರ್‌ನಲ್ಲಿ ಇದ್ದವರೇ ಇರುವುದಿಲ್ಲ.

ಇನ್ನು ಯಶಸ್ವಿನಿ. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಬಂದದ್ದು, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿಹೋಯಿತು, ಜನರ ಒತ್ತಾಯದಿಂದ 2023ರ ಜನವರಿಯಲ್ಲಿ ಮತ್ತೆ ಬಂತು. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000, ಚಿಕಿತ್ಸೆಯ ಮಿತಿ 5 ಲಕ್ಷ. ಹಾಸನದಲ್ಲಿ ಹಾಲಿನ ಡೇರಿ ಇಲ್ಲದ ಹಳ್ಳಿ ಹುಡುಕುವುದು ಕಷ್ಟ, ಹಾಗಾಗಿ ಇಲ್ಲಿ ಯಶಸ್ವಿನಿ ಮನೆಮಾತು. ಆದರೆ ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ, ಅಥವಾ ಖಾಸಗಿ ಕೆಲಸದಲ್ಲಿ ತಿಂಗಳಿಗೆ 30 ಸಾವಿರಕ್ಕಿಂತ ಜಾಸ್ತಿ ಸಂಬಳ ಇರುವವರಿದ್ದರೆ ಸೇರಲು ಬರುವುದಿಲ್ಲ. ಪಿಂಚಣಿದಾರರು ಹಣ ಕಟ್ಟುವ ಮುಂಚೆ ಸಂಘದ ಕಾರ್ಯದರ್ಶಿಯ ಹತ್ತಿರ ಸ್ಪಷ್ಟವಾಗಿ ಕೇಳಿಕೊಳ್ಳಲಿ. 500 ರೂಪಾಯಿ ಹೋದರೆ ಹೋಯಿತು. ಕಾರ್ಡ್ ಇದೆ ಅಂತ ಧೈರ್ಯವಾಗಿದ್ದು ಆಸ್ಪತ್ರೆಯಲ್ಲಿ ಅನರ್ಹ ಅಂತ ಗೊತ್ತಾದರೆ ಅದು ದೊಡ್ಡ ಪೆಟ್ಟು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ ಅನ್ನುವುದೂ ನೆನಪಿರಲಿ.

ಮಲೆನಾಡಿನ ಕಡೆ ಬಂದರೆ ಸಮಸ್ಯೆಯ ಮುಖವೇ ಬೇರೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಾಫಿ ತೋಟಗಳಲ್ಲಿ ದುಡಿದವರಿಗೆ ನಿವೃತ್ತಿ ಅಂದರೆ ಲೈನ್ ಮನೆ ಬಿಡುವುದು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ತೋಟದ ಮಾಲೀಕರೇ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂದಿತ್ತು, ಆದರೆ ಅದು ಕೆಲಸ ಮಾಡುವಷ್ಟು ದಿನ. ಆಮೇಲೆ ಬಿಪಿಎಲ್ ಕಾರ್ಡೇ ಗತಿ. ಕಾಗದದಲ್ಲಿ ನೋಡಿದರೆ ಇವರಿಗೆ 5 ಲಕ್ಷ ಇದೆ, ನಿವೃತ್ತ ಗುಮಾಸ್ತರಿಗೆ ಇರುವುದಕ್ಕಿಂತ ಜಾಸ್ತಿಯೇ. ಆದರೆ ಆಸ್ಪತ್ರೆ ಎಲ್ಲಿದೆ? ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯವರು ದೊಡ್ಡ ಕಾಯಿಲೆಗೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಸಕಲೇಶಪುರದವರಿಗೆ ಹಾಸನ, ಇಲ್ಲವೇ ಶಿರಾಡಿ ಇಳಿದು ಮಂಗಳೂರು. ಕೊಪ್ಪ, ಶೃಂಗೇರಿಯವರಿಗೆ ಮಣಿಪಾಲ ಅಥವಾ ಶಿವಮೊಗ್ಗ. ಕಡೂರು, ತರೀಕೆರೆಯವರದು ಇನ್ನೊಂದು ದಿಕ್ಕು. ಮಳೆಗಾಲದಲ್ಲಿ ಘಾಟಿ ಕುಸಿದರೆ ಆ ದಾರಿಯೂ ಇಲ್ಲ. 5 ಲಕ್ಷದ ಕಾರ್ಡಿನಲ್ಲಿ ಮೂರು ಗಂಟೆಯ ಟ್ಯಾಕ್ಸಿ ಬಾಡಿಗೆ ಸೇರಿಲ್ಲ, ಜೊತೆಗೆ ಬಂದ ಮಗಳ ಊಟ ವಸತಿ ಸೇರಿಲ್ಲ, ಅವಳು ಕಳೆದುಕೊಂಡ ಕೂಲಿ ಸೇರಿಲ್ಲ. ಹಾಗಾಗಿ ನೆಟ್‌ವರ್ಕ್ ಆಸ್ಪತ್ರೆಗಳ ಪಟ್ಟಿ ನೋಡುವಾಗ ಹೆಸರು ದೊಡ್ಡದಿದೆಯಾ ಅಂತ ನೋಡುವುದಕ್ಕಿಂತ, ರಾತ್ರಿ ಹೊತ್ತಿನಲ್ಲಿ ನಿಮ್ಮೂರಿನಿಂದ ಮುಟ್ಟಬಹುದಾದ ಆಸ್ಪತ್ರೆ ಅದರಲ್ಲಿ ಇದೆಯಾ ಅಂತ ನೋಡಬೇಕು.

2025ರ ಬೇಸಿಗೆ ಕಳೆದು ಮಳೆ ಶುರುವಾಗುವ ಹೊತ್ತಿಗೆ ಹಾಸನದಲ್ಲಿ ಹೃದಯಾಘಾತದ ಸಾವುಗಳು ರಾಜ್ಯಕ್ಕೆಲ್ಲ ಸುದ್ದಿಯಾದವು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಲ್ಲೇ ಜನ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ ಅಂತ ಸಮಿತಿ ಹೇಳಿತು. ಆ ಗಾಬರಿಯಲ್ಲಿ ಹಿಂದೆ ಸರಿದ ಒಂದು ಮಾಹಿತಿ ಅಂದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ಎದೆನೋವು ಬಂದವರಿಗೆ ಅಲ್ಲೇ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಗತ್ಯ ಇದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಕಾರ್ಡ್ ಎಪಿಎಲ್ಲೋ ಬಿಪಿಎಲ್ಲೋ ಅನ್ನುವ ಯೋಚನೆಗೆ ಆ ಹೊತ್ತಿನಲ್ಲಿ ಜಾಗ ಇಲ್ಲ. ಎದೆ ಹಿಡಿದುಕೊಂಡವರನ್ನು ಕಾರಿನಲ್ಲಿ ಹಾಕಿಕೊಂಡು ನೇರ ಮೈಸೂರಿಗೆ ಹೊರಡುವ ಬದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ.

ಈ ವಿಮೆಗಳೆಲ್ಲ ಹೆಚ್ಚಾಗಿ ಆಸ್ಪತ್ರೆ ಸೇರಿದಾಗಿನ ಖರ್ಚಿಗೆ. ತಿಂಗಳು ತಿಂಗಳು ಬೇಕಾಗುವ ಬಿಪಿ, ಶುಗರ್ ಮಾತ್ರೆ ಇವುಗಳಲ್ಲಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ಪಿಂಚಣಿಯನ್ನು ಸದ್ದಿಲ್ಲದೆ ತಿನ್ನುವುದು ಈ ಖರ್ಚೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್‌ನಂಥ ಕಾಯಿಲೆಗಳಿಗೆ ಎನ್‌ಸಿಡಿ ಕ್ಲಿನಿಕ್ ಇದೆ, ಅಲ್ಲಿ ಹೆಸರು ಬರೆಸಿದರೆ ಮಾತ್ರೆ ಉಚಿತ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ತಪಾಸಣೆ ಮಾಡುತ್ತಾರೆ. ಜನೌಷಧಿ ಅಂಗಡಿಗಳಲ್ಲಿ ಅದೇ ಔಷಧಿ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ.

ಎಪ್ಪತ್ತಕ್ಕೆ ಇನ್ನೂ ಹತ್ತು ವರ್ಷ ಇರುವ ಎಪಿಎಲ್ ನಿವೃತ್ತರಿಗೆ ಖಾಸಗಿ ವಿಮೆ ಬಿಟ್ಟರೆ ಬೇರೆ ಗಟ್ಟಿ ದಾರಿ ಈಗ ಇಲ್ಲ. ಅಲ್ಲಿ ಕೆಲವು ನಿಯಮ ಇತ್ತೀಚೆಗೆ ನಮ್ಮ ಪರವಾಗಿ ಬದಲಾಗಿವೆ. 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿ ಮಾಡಿಸಲು 65 ವರ್ಷದ ವಯೋಮಿತಿ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ನಾಲ್ಕು ವರ್ಷದಿಂದ ಹೆಚ್ಚೆಂದರೆ ಮೂರಕ್ಕೆ ಇಳಿದಿದೆ. 2025ರ ಜನವರಿಯಿಂದ ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿಗಳು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜೊತೆ ಮೊದಲು ಮಾತಾಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ. 18ರ ಜಿಎಸ್‌ಟಿ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವ ಹಿರಿಯರಿಗೆ ಆರೋಗ್ಯ ವಿಮೆ ಪ್ರೀಮಿಯಂಗೆ ಆದಾಯ ತೆರಿಗೆಯಲ್ಲಿ 50 ಸಾವಿರದವರೆಗೆ ವಿನಾಯಿತಿ ಇದೆ. ಇಷ್ಟಾದರೂ ಅರವತ್ತರಲ್ಲಿ ಹೊಸದಾಗಿ ಪಾಲಿಸಿ ಮಾಡಿಸುವುದು ದುಬಾರಿಯೇ. ಐವತ್ತೈದು, ಐವತ್ತಾರರಲ್ಲಿ, ಸಂಬಳ ಬರುತ್ತಿರುವಾಗಲೇ ಮಾಡಿಸಿದರೆ ನಿವೃತ್ತಿಯ ಹೊತ್ತಿಗೆ ಕಾಯುವ ಅವಧಿ ಮುಗಿದಿರುತ್ತದೆ. ಪೂರ್ತಿ ಪಾಲಿಸಿ ಕೈಗೆಟುಕದಿದ್ದರೆ ಸೂಪರ್ ಟಾಪ್-ಅಪ್ ನೋಡಬಹುದು. ಮೊದಲ 3 ಲಕ್ಷ ನಿಮ್ಮ ಕೈಯಿಂದ, ಅದರ ಮೇಲಿನದು ಕಂಪನಿಯಿಂದ ಅನ್ನುವಂಥ ಪಾಲಿಸಿಗೆ ಪ್ರೀಮಿಯಂ ತುಂಬ ಕಡಿಮೆ. ಗ್ರಾಚ್ಯುಟಿಯಲ್ಲಿ 3 ಲಕ್ಷವನ್ನು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟರೆ ಎರಡೂ ಸೇರಿ ಒಂದು ಗೋಡೆ ಆಗುತ್ತದೆ. ಅರ್ಜಿಯಲ್ಲಿ ಶುಗರ್ ಇದೆ ಅನ್ನುವುದನ್ನು ಮುಚ್ಚಿಡಬೇಡಿ, ಏಜೆಂಟ್ ಬೇಡ ಅಂದರೂ ಬರೆಯಿರಿ. ಕ್ಲೇಮ್ ತಿರಸ್ಕಾರ ಆಗುವುದು ಅಲ್ಲಿಂದಲೇ.

ಸರ್ಕಾರದ ಮುಂದೆ ಇರುವ ಕೆಲಸವೂ ದೊಡ್ಡ ಒಗಟೇನಲ್ಲ. ಕೆಎಎಸ್‌ಎಸ್ ಬಂದಿದೆ. ನಡೆಸುವ ಟ್ರಸ್ಟ್ ಇದೆ, ಆಸ್ಪತ್ರೆಗಳ ಪಟ್ಟಿ ಇದೆ, ದರಗಳು ನಿಗದಿಯಾಗಿವೆ. ಪಿಂಚಣಿ ಖಜಾನೆಯ ಮೂಲಕವೇ ಹೋಗುತ್ತದೆ, ಅಲ್ಲೇ ವಂತಿಕೆ ಹಿಡಿಯಬಹುದು. ಕಟ್ಟಲು ನಿವೃತ್ತರು ತಯಾರಿದ್ದಾರೆ. ವಂತಿಕೆ ಒಂದರಿಂದಲೇ ಖರ್ಚು ತೂಗುವುದಿಲ್ಲ ಅನ್ನುವುದು ನಿಜ, ವಯಸ್ಸಾದವರ ಕ್ಲೇಮ್ ಜಾಸ್ತಿ, ಸರ್ಕಾರ ತನ್ನ ಕೈಯಿಂದ ಹಾಕಲೇಬೇಕಾಗುತ್ತದೆ. ಕೇಂದ್ರ ಸರ್ಕಾರ ತನ್ನ ನಿವೃತ್ತರಿಗೆ ಅದನ್ನು ಮಾಡುತ್ತಿದೆ. ಒಂದೇ ಸಲಕ್ಕೆ ಆಗದಿದ್ದರೆ ಅರವತ್ತರಿಂದ ಎಪ್ಪತ್ತರವರೆಗಿನವರಿಗೆ, ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಮೊದಲು ಕೊಡಲಿ. ಎಪ್ಪತ್ತರ ಮೇಲೆ ವಯ ವಂದನಾ ಹೊರೆ ಹಂಚಿಕೊಳ್ಳುತ್ತದೆ. ಕುಟುಂಬ ಪಿಂಚಣಿ ಪಡೆಯುವ ಹೆಣ್ಣುಮಕ್ಕಳನ್ನು ಆ ಆದೇಶದಲ್ಲಿ ಮರೆಯಬಾರದು. ಗಂಡ ಹೋದ ಮೇಲೆ ಪಿಂಚಣಿ ಕಡಿಮೆಯಾಗುತ್ತದೆ, ಕಾರ್ಡು, ಒಟಿಪಿ, ಆಸ್ಪತ್ರೆಯ ಓಡಾಟ ಎಲ್ಲ ಅವರೊಬ್ಬರ ಮೇಲೆ ಬೀಳುತ್ತದೆ. ಸಿಜಿಎಚ್‌ಎಸ್, ಇಸಿಎಚ್‌ಎಸ್ ಎರಡರಲ್ಲೂ ಅವರಿಗೆ ಜಾಗ ಇದೆ. ರಾಜ್ಯದ ಯೋಜನೆಯಲ್ಲೂ ಮೊದಲ ದಿನದಿಂದಲೇ ಇರಬೇಕು.